ಎದೆಯ ಗಾಯ ಮತ್ತೆ ಒಸರಿದಾಗ

ಕೇಳುಗರಿಗೆ ನಮಸ್ಕಾರ.

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದಿದೆ. ಗಾಯ ಮಾಗಿ ಎದೆಯ ನಡುವೆ ಉದ್ದನೆಯ ಗೆರೆಯೊಂದೇ ಉಳಿದಿದೆ. ಒಂದು ಬೆಳಿಗ್ಗೆ ಬನಿಯನ್ನಿನ ಮೇಲೆ ಹಳದಿ ಕಲೆ. ನೋಡಿದರೆ ಗೆರೆಯ ಕೆಳತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ರಂಧ್ರ. ಜ್ವರವಿಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಆಂಟಿಬಯಾಟಿಕ್ ನುಂಗಿದರೆ ಮುಚ್ಚಿಕೊಳ್ಳುತ್ತದೆ, ಮಾತ್ರೆ ಮುಗಿದ ಮೇಲೆ ಮತ್ತೆ ಒಸರುತ್ತದೆ. ಇದನ್ನು ಚರ್ಮದ ಹುಣ್ಣೆಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಬೇರು ಇರುವುದು ಆಳದಲ್ಲಿ, ಎದೆಮೂಳೆಯ ಸೋಂಕಿನಲ್ಲಿ.

ಹೃದಯವನ್ನು ತಲುಪಲು ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳುತ್ತಾರೆ. ಕೊನೆಗೆ ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ಮೂಳೆ ಕೂಡಿದ ಮೇಲೂ ತಂತಿ ಒಳಗೇ ಉಳಿಯುತ್ತದೆ. ಬಹುತೇಕರಿಗೆ ಅದರಿಂದ ಯಾವ ಬಾಧೆಯೂ ಇಲ್ಲ. ಆದರೆ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾ ತಂತಿಗೆ ಅಂಟಿ ಲೋಳೆಯ ಪೊರೆ ಹೊದ್ದು ಕುಳಿತರೆ, ಔಷಧಿ ಅದನ್ನು ಬೇರುಸಹಿತ ಕೀಳಲಾರದು. ಮಧುಮೇಹ, ಬೊಜ್ಜು, ಧೂಮಪಾನ ಇದ್ದವರಲ್ಲಿ ಈ ಅಪಾಯ ಹೆಚ್ಚು.

ಪತ್ತೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ರಂಧ್ರದ ಬಾಯಿಯನ್ನು ಹತ್ತಿಯಿಂದ ಒರೆಸಿ ಕಳಿಸಿದರೆ ಚರ್ಮದ ಮೇಲಿನ ರೋಗಾಣುವೇ ಸಿಕ್ಕಿ ದಾರಿ ತಪ್ಪಿಸಬಹುದು. ಮೊದಲು ಸಿಟಿ ಸ್ಕ್ಯಾನ್. ಸಂದೇಹ ಉಳಿದರೆ, ಸೋಂಕಿರುವ ಜಾಗವನ್ನು ಹೊಳೆಯಿಸಿ ತೋರಿಸುವ ಪೆಟ್ ಸ್ಕ್ಯಾನ್. ಆಮೇಲೆ ಆಳದ ಅಂಗಾಂಶ, ಮೂಳೆಯ ಚೂರು, ತೆಗೆದ ತಂತಿ ಪ್ರಯೋಗಾಲಯಕ್ಕೆ ಹೋಗಬೇಕು. ಸಾಧ್ಯವಿದ್ದರೆ ಅದಕ್ಕೆ ಮೊದಲು ಆಂಟಿಬಯಾಟಿಕ್ ನಿಲ್ಲಿಸಿರಬೇಕು. ಕ್ಷಯದ ರೋಗಾಣು, ಅದರ ದಾಯಾದಿಗಳು, ಶಿಲೀಂಧ್ರ ಇವನ್ನೂ ಹುಡುಕಲು ಕೇಳಬೇಕು, ಏಕೆಂದರೆ ಕೇಳದಿದ್ದರೆ ಮಾಮೂಲಿ ಪರೀಕ್ಷೆಯಲ್ಲಿ ಇವು ತಪ್ಪಿಹೋಗುತ್ತವೆ. ಆ ದಾಯಾದಿಗಳಲ್ಲಿ ಮೈಕೊಬ್ಯಾಕ್ಟೀರಿಯಂ ಕಿಮೆರಾ ಎಂಬುದೊಂದು. ಶಸ್ತ್ರಚಿಕಿತ್ಸೆಯ ವೇಳೆ ರಕ್ತದ ಶಾಖ ಕಾಯುವ ಯಂತ್ರದ ನೀರಿನಿಂದ ಗಾಳಿಗೆ ಹಾರಿ ಗಾಯಕ್ಕೆ ಇಳಿಯುತ್ತದೆಂದು 2010ರ ದಶಕದಲ್ಲಿ ತಿಳಿಯಿತು. ಆಯಾಸ, ರಾತ್ರಿ ಬೆವರು, ತೂಕ ಇಳಿಕೆ ಕಾಣಿಸಿಕೊಳ್ಳುವುದು ಕೆಲವೊಮ್ಮೆ ವರ್ಷಗಳ ಬಳಿಕ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ನೆನಪೇ ಮಾಸಿರುತ್ತದೆ!

ಚಿಕಿತ್ಸೆಯೆಂದರೆ ಸೋಂಕಿತ ತಂತಿ ತೆಗೆದು, ಕೊಳೆತ ಮೂಳೆಯನ್ನು ಜೀವಂತ ಅಂಚು ಸಿಗುವವರೆಗೆ ಕೆರೆದು, ಸಾಮಾನ್ಯವಾಗಿ ಸುಮಾರು 6 ವಾರ ಸರಿಯಾದ ಆಂಟಿಬಯಾಟಿಕ್ ಕೊಡುವುದು. ಕ್ಷಯದ ಜಾತಿಯದಾದರೆ ತಿಂಗಳುಗಟ್ಟಲೆ. “ಮೂಳೆ ತೆಗೆದರೆ ಎದೆಗೂಡು ಗಟ್ಟಿಯಾಗಿ ಉಳಿಯುತ್ತದೆಯೇ?” ಎಂದು ರೋಗಿಗಳು ಹೆದರುತ್ತಾರೆ. ಉಳಿಯುತ್ತದೆ. ದೊಡ್ಡ ಪೊಳ್ಳು ಉಳಿದರೆ ಎದೆಯ ಸ್ನಾಯುವನ್ನೇ ತಿರುಗಿಸಿ ಅಲ್ಲಿ ತುಂಬುತ್ತಾರೆ; ಅದು ತರುವ ಹೊಸ ರಕ್ತವೇ ಗಾಯವನ್ನು ಮಾಗಿಸುತ್ತದೆ.

ಹೃದಯದಲ್ಲಿ ಕೃತಕ ಕವಾಟ ಇರುವವರಿಗೆ ಇನ್ನೊಂದು ಮಾತು. ರೋಗಾಣು ತಂತಿಗೆ ಅಂಟುವಂತೆ ಅದಕ್ಕೂ ಅಂಟಬಹುದು. ಕಾರಣ ತಿಳಿಯದ ಜ್ವರ ಬಂದರೆ ಆಂಟಿಬಯಾಟಿಕ್ ನುಂಗುವ ಮೊದಲೇ ವೈದ್ಯರಿಗೆ ಕವಾಟದ ವಿಷಯ ತಿಳಿಸಿ, ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿ.