ಹಳೇ ಕಾರಿನ ಟಿಕ್ ಟಿಕ್ ಸದ್ದು: ಎಂಜಿನ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

(ದೃಶ್ಯ: ಬಳ್ಳಾರಿಯ ಒಂದು ಓಣಿ, ಬೆಳಗಿನ ಆರು ಗಂಟೆ. ಬಾನೆಟ್ ಎತ್ತಿ ನಿಲ್ಲಿಸಿದ ಕಾರು. ಸಂಗೀತ ಇಲ್ಲ. ಸೆಲ್ಫ್ ಹೊಡೆದ ಸದ್ದು, ಆಮೇಲೆ ಹತ್ತು ಸೆಕೆಂಡು ಬರೀ ಎಂಜಿನ್ ಸದ್ದು.)

ಕೇಳಿಸ್ತಾ? ಟಿಕ್ ಟಿಕ್ ಟಿಕ್ ಟಿಕ್. ಹೊಲಿಗೆ ಮಷೀನು ಓಡಿದ ಹಾಗೆ.

ನಮಸ್ಕಾರ. ಇದು ಹೋದ ಬೇಸಿಗೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಸದ್ದು. ಕಾರು ನಮ್ಮ ಮನೆಯದೇ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಗಾಡಿ, ಮೀಟರಿನಲ್ಲಿ 1 ಲಕ್ಷ 83 ಸಾವಿರ ಕಿಲೋಮೀಟರ್. ಅಪ್ಪ ಸಿರುಗುಪ್ಪದ ಹೊಲಕ್ಕೆ ಹೋಗಿ ಬರುತ್ತಿದ್ದದ್ದು ಇದರಲ್ಲೇ. ನಾನು ಡ್ರೈವಿಂಗ್ ಕಲಿತದ್ದೂ ಇದರಲ್ಲೇ. ಹಾಗಾಗಿ ಈ ಸದ್ದು ಶುರುವಾದಾಗ ನನಗೆ ನಿಜವಾಗಿಯೂ ಭಯ ಆಯಿತು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷವೂ ಆಗಿರಲಿಲ್ಲ. "ಎಂಜಿನ್ ಇಳಿಸಬೇಕು, ಬೋರ್ ಕೆಲಸ ಆಗಬೇಕು" ಅಂದರು. ಅಂದರೆ ಸಿಲಿಂಡರಿನ ಒಳಗೋಡೆ ಕೊರೆದು ಸರಿ ಮಾಡುವ ದೊಡ್ಡ ಕೆಲಸ. 38,000 ರೂಪಾಯಿ ಲೆಕ್ಕ ಹೇಳಿದರು. ಯಾವಾಗ ಸದ್ದು ಬರುತ್ತದೆ, ತಣ್ಣಗಿದ್ದಾಗಲಾ, ಬಿಸಿಯಾದ ಮೇಲಾ, ಒಂದು ಪ್ರಶ್ನೆಯೂ ಕೇಳಲಿಲ್ಲ. ಕೊನೆಗೆ ಆ ಸದ್ದು ಹೋದದ್ದು ಒಂದು ಗ್ಯಾಸ್ಕೆಟ್ (ಎರಡು ಭಾಗಗಳ ನಡುವಿನ ಸಂದಿ ಮುಚ್ಚುವ ತೆಳು ಹಾಳೆ) ಮತ್ತು ಒಂದು ನಟ್ಟಿನಿಂದ. ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು. ಅದು ಹೇಗೆ ಗೊತ್ತಾಯಿತು ಅನ್ನೋದನ್ನೇ ಇವತ್ತು ತೋರಿಸುತ್ತೇನೆ.

ಮೊದಲು ಒಂದು ಚಿಕ್ಕ ವಿಷಯ. ಗಾಡಿ ನಿಂತಲ್ಲೇ, ನ್ಯೂಟ್ರಲ್‌ನಲ್ಲಿ, ಸದ್ದು ಬರುತ್ತಾ? ಓಡುವಾಗ ಮಾತ್ರ ಬಂದರೆ ಮೊದಲು ಟೈರು ನೋಡಿ. ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಒಂದು ಜಲ್ಲಿಕಲ್ಲು ಸಾಕು, ಥೇಟ್ ಎಂಜಿನ್ ಸದ್ದಿನ ಹಾಗೇ ಟಿಕ್ ಟಿಕ್ ಅನ್ನುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟ್ ಕಟ್ ಅಂದರೆ ಆಕ್ಸಲ್ ಜಾಯಿಂಟ್ ಕಡೆ ನೋಡಬೇಕು. ಎಂಜಿನ್ ಮುಟ್ಟುವ ಅಗತ್ಯವೇ ಇಲ್ಲ.

ನಿಂತಲ್ಲೇ ಬರುತ್ತಿದೆಯಾ? ಹಾಗಾದರೆ ಆಯಿಲ್ ನೋಡಿ.

(ದೃಶ್ಯ: ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಹಾಕಿ ಎಳೆಯುವ ಕೈ. ಎರಡು ಗುರುತುಗಳು ಹತ್ತಿರದಿಂದ.)

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಕೆಳಗಿಳಿಯಲಿ. ಆಯಿಲ್ ಈ ಎರಡು ಗುರುತಿನ ನಡುವೆ ಇರಬೇಕು. ಬಹಳಷ್ಟು ಸಣ್ಣ ಕಾರುಗಳಲ್ಲಿ ಮೇಲಿನ ಗುರುತಿಂದ ಕೆಳಗಿನ ಗುರುತಿಗೆ ಸುಮಾರು 1 ಲೀಟರ್ ವ್ಯತ್ಯಾಸ. ಒಟ್ಟು ಹಿಡಿಯುವುದೇ ಮೂರು ಲೀಟರ್ ಆಸುಪಾಸು ಅಂದರೆ, ಕೆಳಗಿನ ಗುರುತಿಗೆ ಇಳಿದಾಗ ಮೂರರಲ್ಲಿ ಒಂದು ಪಾಲು ಹೋಯಿತು ಅಂತ ಅರ್ಥ. ಹಳೇ ಎಂಜಿನ್ ಆಯಿಲ್ ಕುಡಿಯುತ್ತದೆ. ಸರ್ವಿಸ್ ಮಾಡಿಸಿದ್ದೇವಲ್ಲ ಅಂತ ಸುಮ್ಮನಿರಬೇಡಿ, ಹದಿನೈದು ದಿನಕ್ಕೊಮ್ಮೆ ಈ ಕಡ್ಡಿ ಎಳೆದು ನೋಡಿ. ಹಾಗಂತ ಮೇಲಿನ ಗುರುತು ದಾಟಿಸಿಯೂ ಹಾಕಬಾರದು. ಜಾಸ್ತಿ ಆದರೆ ಎಂಜಿನ್ನಿನ ಕೆಳಭಾಗದಲ್ಲಿ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ಗಾಳಿ ತುಂಬಿದ ಆಯಿಲ್‌ನಿಂದಲೂ ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ಒತ್ತಿ ತೆರೆಯುವ ಭಾಗ) ಸದ್ದು ಬರಬಹುದು.

ನಮ್ಮ ಕಡೆ ಇನ್ನೊಂದು ಮಾತಿದೆ. "ಬಳ್ಳಾರಿ ಬಿಸಿಲಿಗೆ ತೆಳು ಆಯಿಲ್ ಆಗಲ್ಲ, ದಪ್ಪದ್ದು ಹಾಕಿಸಿ." ರಾಯಚೂರಿನಲ್ಲೂ ಇದನ್ನೇ ಕೇಳಿದ್ದೇನೆ. ಬಿಸಿಲು 42 ಡಿಗ್ರಿ ಮುಟ್ಟುವ ಊರಲ್ಲಿ ಇದು ಸರಿ ಅಂತಲೇ ಅನಿಸುತ್ತದೆ. ಆದರೆ ಕೂಲಿಂಗ್ ಸಿಸ್ಟಮ್ ಸರಿಯಿದ್ದರೆ ಬಿಸಿಯಾದ ಎಂಜಿನ್ನಿನ ಒಳಗೆ ಆಯಿಲ್ ಇರುವುದು ಹೆಚ್ಚುಕಡಿಮೆ 100 ಡಿಗ್ರಿಯ ಹತ್ತಿರ. ಬೆಂಗಳೂರಲ್ಲೂ ಅಷ್ಟೇ, ಇಲ್ಲೂ ಅಷ್ಟೇ. 20ಡಬ್ಲ್ಯೂ-50 ಅನ್ನುವ ಆಯಿಲ್ ಗ್ರೇಡಿನಲ್ಲಿ ಕೊನೆಯ ಅಂಕಿ (50) ಹೇಳುವುದು ಆ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಅಂತ. ಮೊದಲ ಅಂಕಿ (20) ಹೇಳುವುದು ತಣ್ಣಗಿದ್ದಾಗ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ. ಬೇಕಾದ್ದಕ್ಕಿಂತ ದಪ್ಪ ಆಯಿಲ್ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಮೇಲೆ ಹೆಡ್‌ಗೆ ಹೋಗಿ ಮುಟ್ಟುವುದೇ ತಡ. ಅಷ್ಟು ಹೊತ್ತು ಟಿಕ್ ಟಿಕ್. ಕಾರಿನ ಪುಸ್ತಕದಲ್ಲಿ ಹೊರಗಿನ ಬಿಸಿಗೆ ತಕ್ಕ ಗ್ರೇಡಿನ ಪಟ್ಟಿ ಇರುತ್ತದೆ. ಅದರೊಳಗಿದ್ದದ್ದನ್ನೇ ಆರಿಸಿ.

ಆಯಿಲ್ ಸರಿ ಇದೆ, ಆದರೂ ಸದ್ದಿದೆ ಅಂದರೆ? ನನ್ನ ಕಾರಿನದು ಹಾಗೇ ಆಗಿತ್ತು. ಎರಡನೇ ಸಲ ನಾನು ಹೋದದ್ದು ಕೌಲ್ ಬಜಾರ್ ಕಡೆ, ಬಹಳ ವರ್ಷದಿಂದ ಈ ಕೆಲಸ ಮಾಡಿಕೊಂಡು ಬಂದಿರುವ ಒಬ್ಬ ಚಾಚಾ ಹತ್ತಿರ. ಮಧ್ಯಾಹ್ನ ಹೋಗಿದ್ದೆ, ಎಂಜಿನ್ ಕಾದಿತ್ತು. ಅವರು ಪಾನಾ ಕೈಗೇ ತೆಗೆದುಕೊಳ್ಳಲಿಲ್ಲ.

"ತಮ್ಮಾ, ಈಗ ಏನೂ ಗೊತ್ತಾಗಲ್ಲ. ಗಾಡಿ ಇಲ್ಲೇ ಬಿಟ್ಟು ಹೋಗು. ಮುಂಜಾನೆ ತಣ್ಣಗಿದ್ದಾಗ ನಾನೇ ಸ್ಟಾರ್ಟ್ ಮಾಡ್ತೀನಿ. ನೀನು ಮುಟ್ಟಬೇಡ."

ಇಡೀ ವಿಡಿಯೋದಲ್ಲಿ ನೆನಪಿಟ್ಟುಕೊಳ್ಳಬೇಕಾದ ಮಾತು ಅದೇ. ಸದ್ದು ಎಲ್ಲಿಂದ ಬರುತ್ತದೆ ಅನ್ನೋದಕ್ಕಿಂತ ಮೊದಲು, ಯಾವಾಗ ಬರುತ್ತದೆ ಅಂತ ನೋಡಬೇಕು. ಸ್ಟಾರ್ಟ್ ಮಾಡಿದ ಎರಡು ಮೂರು ಸೆಕೆಂಡು ಮಾತ್ರ ಇದ್ದು ಹೋದರೆ, ರಾತ್ರಿ ಆಯಿಲ್ ಪೂರ್ತಿ ಕೆಳಗಿಳಿದು ಬಿಟ್ಟಿದೆ ಅಂತ. ಅಗ್ಗದ ಆಯಿಲ್ ಫಿಲ್ಟರಿನಲ್ಲಿ ಆಯಿಲ್ ತಡೆದು ಹಿಡಿಯುವ ರಬ್ಬರ್ ವಾಲ್ವ್ ಸರಿ ಇರುವುದಿಲ್ಲ. ಫಿಲ್ಟರ್ ಬದಲಿಸಿ ನೋಡಿ. ತಣ್ಣಗಿದ್ದಾಗ ಜೋರು, ಕೆಲವು ಕಿಲೋಮೀಟರ್ ಓಡಿದ ಮೇಲೆ ಕಡಿಮೆ ಅಂದರೆ ಎಕ್ಸಾಸ್ಟ್ ಲೀಕ್ (ಸುಟ್ಟ ಗಾಳಿ ಹೊರಹೋಗುವ ದಾರಿಯಲ್ಲಿನ ಸೋರಿಕೆ) ಮೇಲೆ ಅನುಮಾನ ಪಡಿ. ಕಬ್ಬಿಣ ಕಾದು ಹಿಗ್ಗಿದಾಗ ಸಂದಿ ಮುಚ್ಚಿಕೊಳ್ಳುತ್ತದೆ. ತಣ್ಣಗಿದ್ದಾಗ ಸುಮ್ಮನಿದ್ದು, ಚೆನ್ನಾಗಿ ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಶುರುವಾದರೆ, ಅದು ಹುಷಾರಾಗಬೇಕಾದ ಸದ್ದು. ಆಯಿಲ್ ಪ್ರೆಶರ್ ಗೇಜ್ ಹಾಕಿಸಿ ನೋಡಲೇಬೇಕು.

ಇನ್ನು ಸದ್ದಿನ ತಾಳ. ನನಗೆ ತುಂಬಾ ಇಷ್ಟವಾದ ಭಾಗ ಇದು. ಫೋನಿದ್ದರೆ ಸಾಕು, ಮನೆಯಲ್ಲೇ ನೋಡಬಹುದು.

(ದೃಶ್ಯ: ಫೋನಿನ ಪರದೆ. ರೆಕಾರ್ಡ್ ಮಾಡಿದ ಸದ್ದನ್ನು ಕಾಲು ವೇಗದಲ್ಲಿ ಓಡಿಸಲಾಗುತ್ತಿದೆ. ಪಕ್ಕದಲ್ಲಿ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿದೆ.)

ಎಂಜಿನ್ನಿನ ಮೇಲ್ಭಾಗದಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಇದೆ. ಕೆಳಗೆ ಕ್ರ್ಯಾಂಕ್‌ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಹೊಡೆದರೆ ಕ್ಯಾಮ್ ಒಂದೇ ಸುತ್ತು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ) ಎಂಜಿನ್ ನಿಮಿಷಕ್ಕೆ 800 ಸುತ್ತು ಹೊಡೆಯುತ್ತಿದೆ ಅಂತಿಟ್ಟುಕೊಳ್ಳಿ. ಸಡಿಲವಾದ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಸಲ ಬಡಿಯುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಸವೆದಿದ್ದರೆ ಅದು ಸುತ್ತಿಗೊಂದು ಸಲ, ಅಂದರೆ 800 ಸಲ. ನೇರವಾಗಿ ಕೇಳಿದರೆ ಎಣಿಸಲು ಆಗಲ್ಲ. ಕಾಲು ವೇಗಕ್ಕೆ ಇಳಿಸಿ ಹತ್ತು ಸೆಕೆಂಡು ಎಣಿಸಿ. 16–17 ಬಂದರೆ ಮೇಲಿನ ಸದ್ದು. 33ರ ಹತ್ತಿರ ಬಂದರೆ ಕೆಳಗಿನ ಸದ್ದು ಇರಬಹುದು. ಎರಡು ಟ್ಯಾಪೆಟ್ ಒಟ್ಟಿಗೆ ಸಡಿಲವಾಗಿದ್ದರೆ ಲೆಕ್ಕ ತಪ್ಪುತ್ತದೆ, ಅದಕ್ಕೆ ಇದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಸದ್ದಿನ ಗುಣವನ್ನೂ ಕೇಳಿ. ಟ್ಯಾಪೆಟ್ ಸದ್ದು ಹಗುರ, ಚೂಪು. ರಾಡ್ ಸದ್ದು ಗಟ್ಟಿ, ಒಳಗಿಂದ ಸುತ್ತಿಗೆಯಿಂದ ಹೊಡೆದ ಹಾಗೆ, ಆಕ್ಸಿಲರೇಟರ್ ಕೊಟ್ಟಷ್ಟೂ ಜೋರು. ಅಂಥ ಸದ್ದಿನ ಜೊತೆ ಆಯಿಲ್ ಲೈಟೂ ಹತ್ತಿಕೊಂಡರೆ ಅಲ್ಲೇ ಎಂಜಿನ್ ಆಫ್ ಮಾಡಿ, ಗಾಡಿಯನ್ನು ಟೋ ಮಾಡಿಸಿ. ಮನೆ ಎರಡೇ ಕಿಲೋಮೀಟರ್ ಇದೆ ಅಂತ ಓಡಿಸಿದರೆ ಎಂಜಿನ್ ಸೀಸ್ ಆಗಬಹುದು.

ನನ್ನ ರೆಕಾರ್ಡಿಂಗಿನಲ್ಲಿ ಬಂದದ್ದು 17. ಹಾಗಾದರೆ ಬೋರ್ ಕೆಲಸ ಯಾಕೆ ಬೇಕಿತ್ತು?

ಈಗ ಜಾಗ ಹುಡುಕೋಣ. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಮೊನೆ ಎಂಜಿನ್ ಮೇಲೆ, ಹಿಡಿ ಕಿವಿಯ ಪಕ್ಕದ ಎಲುಬಿಗೆ. ಡಾಕ್ಟರ ಸ್ಟೆತಸ್ಕೋಪಿನ ಹಾಗೇ ಕೇಳಿಸುತ್ತದೆ. ಆದರೆ ಮೊದಲು ಹೆಗಲ ಮೇಲಿನ ಟವೆಲ್, ದುಪಟ್ಟಾ, ಕೈಗಡಿಯಾರ ಎಲ್ಲಾ ತೆಗೆದಿಡಿ. ಬೆಲ್ಟ್ ಹತ್ತಿರ ಕೈ ಬೇಡ. ರೇಡಿಯೇಟರ್ ಫ್ಯಾನು ಯಾವಾಗ ಬೇಕಾದರೂ ತಾನೇ ತಿರುಗಲು ಶುರು ಮಾಡುತ್ತದೆ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಮೇಲೆ ಇಟ್ಟರೆ ಚಿಟಿಚಿಟಿ ಕೇಳುತ್ತದೆ. ಅದು ಆರೋಗ್ಯದ ಸದ್ದು, ಎಲ್ಲದರಲ್ಲೂ ಒಂದೇ ಥರ ಇರಬೇಕು ಅಷ್ಟೇ. ಬೆಲ್ಟಿನ ಪಕ್ಕ ಆಲ್ಟರ್ನೇಟರ್ ಬೇರಿಂಗ್ ಕೇಳಿ. ಟ್ಯಾಪೆಟ್ ಕವರಿನ ಮೇಲೆ ಒಂದೊಂದು ಸಿಲಿಂಡರಿಗೂ ಇಟ್ಟು ಕೇಳಿ, ಯಾವ ಕಡೆ ಜೋರು ಅಂತ.

ಚಾಚಾ ಮೂರನೇ ಸಿಲಿಂಡರಿನ ಹತ್ತಿರ ನಿಂತರು. ಮೇಲೆ ಇಟ್ಟು ಕೇಳಿದರು, ತಲೆ ಅಲ್ಲಾಡಿಸಿದರು. ಆಮೇಲೆ ಒಂದು ಕಬ್ಬಿಣದ ತಂತಿ ತಂದು ಅದರ ತುದಿಗೆ ಒಂದು ಗೇಣು ನೀಲಿ ದಾರ ಕಟ್ಟಿದರು. ಜೀನ್ಸ್ ಹೊಲಿಯುವ ಊರು ನಮ್ಮದು, ಎಲ್ಲಿ ನೋಡಿದರೂ ತುಂಡು ದಾರ ಸಿಗುತ್ತದೆ. ಆ ದಾರವನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಂದ ಸುಟ್ಟ ಗಾಳಿ ಹೊರತರುವ ಕೊಳವೆ) ಉದ್ದಕ್ಕೂ ನಿಧಾನವಾಗಿ ಸರಿಸಿದರು. ಒಂದನೇ ಸಿಲಿಂಡರ್, ದಾರ ಸುಮ್ಮನೆ ನೇತಾಡುತ್ತಿತ್ತು. ಎರಡನೇದು, ಹಾಗೇ. ಮೂರನೇದರ ಕೆಳಗೆ ಬಂದಾಗ ದಾರ ಪಟಪಟ ಅಂತ ಹೊರಗೆ ಹಾರಿತು. ಪ್ರತಿ ಟಿಕ್‌ಗೂ ಒಂದು ಹಾರು.

(ದೃಶ್ಯ: ದಾರ ಹಾರುವುದು, ನಿಧಾನ ಚಲನೆಯಲ್ಲಿ. ಆಮೇಲೆ ಟಾರ್ಚ್ ಬೆಳಕಿನಲ್ಲಿ ಗ್ಯಾಸ್ಕೆಟ್ ಅಂಚಿನ ಮಸಿ.)

ಟಾರ್ಚ್ ಹಾಕಿ ನೋಡಿದರೆ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ, ಬೀಸಣಿಗೆ ಬಿಚ್ಚಿದ ಆಕಾರ. ಕೆಳಗಿನ ಸ್ಟಡ್ಡಿನಲ್ಲಿ ನಟ್ಟೇ ಇಲ್ಲ. ಎಲ್ಲೋ ದಾರಿಯಲ್ಲಿ ಬಿದ್ದು ಹೋಗಿತ್ತು. ನನ್ನ ಎಂಜಿನ್ ರೋಗ ಅಷ್ಟೇ! ಎಕ್ಸಾಸ್ಟ್ ಲೀಕ್ ಕೂಡ ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಸದ್ದು ಮಾಡುವುದರಿಂದ ಟ್ಯಾಪೆಟ್ ಥರವೇ ಕೇಳುತ್ತದೆ. ತಾಳದಿಂದ ಇವೆರಡನ್ನು ಬೇರೆ ಮಾಡಲು ಆಗಲ್ಲ, ದಾರವೇ ಬೇಕು. ಇದನ್ನು ಹಾಗೇ ಬಿಡಬೇಡಿ. ಸುಟ್ಟ ಗಾಳಿ ಕಾರಿನ ಒಳಗೆ ಬಂದರೆ ಪ್ರಾಣಕ್ಕೇ ಅಪಾಯ, ವಾಸನೆಯಿಂದ ಗೊತ್ತಾಗುತ್ತದೆ ಅಂತ ನಂಬಿಕೊಳ್ಳಲೂ ಆಗಲ್ಲ. ದಾರ ಹಿಡಿಯುವಾಗ ಗಾಡಿ ಬಯಲಲ್ಲಿರಲಿ, ಕೈ ಮ್ಯಾನಿಫೋಲ್ಡಿಗೆ ತಾಗದಿರಲಿ.

ಲೀಕ್ ಇಲ್ಲ, ಟ್ಯಾಪೆಟ್ಟೇ ಅಂತ ಖಚಿತವಾದರೆ? ನಿಮ್ಮ ಎಂಜಿನ್ ಯಾವ ಥರದ್ದು ಅಂತ ಕೇಳಿಕೊಳ್ಳಿ. ಹಳೇ ಪೆಟ್ರೋಲ್ ಎಂಜಿನ್‌ಗಳಲ್ಲಿ ಸ್ಕ್ರೂ ತಿರುಗಿಸಿ ಸರಿ ಮಾಡುವಂಥದ್ದು ಇರುತ್ತದೆ. ಕೆಲವದರಲ್ಲಿ ಬಕೆಟ್ ಥರದ್ದು, ಅಳತೆ ನೋಡಿ ಬಿಲ್ಲೆಯನ್ನೋ ಬಕೆಟ್ಟನ್ನೋ ಬದಲಿಸಬೇಕು. ಸ್ವಿಫ್ಟ್ ಡೀಸೆಲ್‌ನಲ್ಲಿ ಬಂದ ಫಿಯಟ್ ಮೂಲದ 1.3 ಲೀಟರ್ ಎಂಜಿನ್ ಇದೆಯಲ್ಲ, ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡದಿಂದ ತಾನೇ ಸರಿ ಮಾಡಿಕೊಳ್ಳುತ್ತದೆ. ಅಲ್ಲಿ ತಿರುಗಿಸಲು ಸ್ಕ್ರೂ ಇಲ್ಲ. "ಟ್ಯಾಪೆಟ್ ಸೆಟ್ಟಿಂಗ್ ಮಾಡಿಕೊಡ್ತೀನಿ" ಅಂತ ಯಾರಾದರೂ ಅದಕ್ಕೆ ದುಡ್ಡು ಕೇಳಿದರೆ ಕೊಡಬೇಡಿ. ಅದರಲ್ಲಿ ಟೈಮಿಂಗ್ ಚೈನ್ ಇದೆ, ಚೈನ್ ಸಡಿಲವಾದರೂ ಸದ್ದು ಬರುತ್ತದೆ, ಅದನ್ನು ಪರೀಕ್ಷೆ ಮಾಡಿಸಿ.

ಸ್ಕ್ರೂ ಇರುವ ಎಂಜಿನ್ನಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ಸ್ಟೀಲ್ ಎಲೆಗಳ ಕಟ್ಟು, ಬೇಕು. ಅಳತೆ ಕಾರಿನ ಪುಸ್ತಕದ್ದೇ ಇರಲಿ. ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನ ಸಂದಿ ಅದು, ಕಣ್ಣಳತೆಗೆ ಸಿಗಲ್ಲ. ತೆಳು ಸ್ಟೀಲ್ ಎಲೆಯನ್ನು ಸಂದಿಯಲ್ಲಿ ಹಾಕಿ ಎಳೆದರೆ ಗಟ್ಟಿ ತುಪ್ಪದೊಳಗಿಂದ ಎಳೆದ ಹಾಗೆ ಸ್ವಲ್ಪ ಹಿಡಿದು ಬರಬೇಕು. ಲಾಕ್ ನಟ್ ಬಿಗಿ ಮಾಡುವಾಗ ಸ್ಕ್ರೂ ತಾನೂ ಒಂಚೂರು ತಿರುಗಿಬಿಡುತ್ತದೆ. ಅದಕ್ಕೆ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಎಲೆ ಹಾಕಿ ನೋಡಲೇಬೇಕು.

ಸದ್ದು ಪೂರ್ತಿ ಹೋಗಲಿ ಅಂತ ಟ್ಯಾಪೆಟ್ ಬಿಗಿ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಸಂದಿ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದಾಗಲೇ ಅದರ ಬಿಸಿ ಸೀಟಿಗೆ (ವಾಲ್ವ್ ಕೂರುವ ಜಾಗ) ದಾಟಿ ತಣ್ಣಗಾಗುವುದು. ಮುಚ್ಚದಿದ್ದರೆ ಎಕ್ಸಾಸ್ಟ್ ವಾಲ್ವ್ ಸುಟ್ಟು ಹೋಗುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಹಳೇ ಕಾರುಗಳವರು ಇದನ್ನು ಇನ್ನೂ ಗಮನ ಇಟ್ಟು ಕೇಳಬೇಕು. ಗ್ಯಾಸಿನಲ್ಲಿ ಓಡುವ ಎಂಜಿನ್ನಿನ ವಾಲ್ವ್ ಸೀಟು ಸವೆದ ಹಾಗೆ ಸಂದಿ ಕಡಿಮೆ ಆಗುತ್ತಾ ಹೋಗುತ್ತದೆ. ಎಂಜಿನ್ ದಿನದಿಂದ ದಿನಕ್ಕೆ ಸುಮ್ಮನಾಗುತ್ತಿದೆ ಅಂತ ಖುಷಿ ಪಡಬೇಡಿ, ಟ್ಯಾಪೆಟ್ ಚೆಕ್ ಮಾಡಿಸಿ.

ಎಂಜಿನ್ ಫ್ಲಶ್ (ಒಳಗಿನ ಜಿಡ್ಡು ತೊಳೆಯಲು ಆಯಿಲ್ ಜೊತೆ ಹಾಕುವ ದ್ರವ) ಬಗ್ಗೆ ಬಹಳ ಜನ ಕೇಳುತ್ತೀರಿ. ಎಂದೂ ಸರಿಯಾಗಿ ಆಯಿಲ್ ಬದಲಿಸದ ಹಳೇ ಎಂಜಿನ್ನಿಗೆ ನಾನಂತೂ ಹಾಕಿಸುವುದಿಲ್ಲ. ಒಳಗೆ ಕಟ್ಟಿದ ಜಿಡ್ಡು ಒಮ್ಮೆಲೇ ಕಿತ್ತು ಬಂದು ಕೆಳಗಿನ ಆಯಿಲ್ ಜಾಲರಿಗೆ ಸಿಕ್ಕಿಕೊಳ್ಳಬಹುದು. ಅದರ ಬದಲು ಎರಡು ಮೂರು ಸಲ ಬೇಗ ಬೇಗ ಆಯಿಲ್, ಫಿಲ್ಟರ್ ಬದಲಿಸಿ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡುವ ಗಾಡಿಗೆ ಏರ್ ಫಿಲ್ಟರ್ ಕೂಡ ಅಷ್ಟೇ ಮುಖ್ಯ. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯಬೇಡಿ, ಕೆಂಪಾಗಿದ್ದು ಕಂಡರೆ ಬದಲಿಸಿ.

ನಿಮ್ಮ ಗಾಡಿಯ ಸದ್ದು ಕಳಿಸುವುದಾದರೆ ರಾತ್ರಿಯಿಡೀ ನಿಂತ ಗಾಡಿಯದ್ದು ಒಂದು, ಹತ್ತು ಕಿಲೋಮೀಟರ್ ಓಡಿಸಿ ಬಂದ ಮೇಲಿನದ್ದು ಒಂದು, ಎರಡೂ ಕಳಿಸಿ. ಕಡ್ಡಿಯ ಮೇಲೆ ಆಯಿಲ್ ಎಲ್ಲಿತ್ತು ಅಂತಲೂ ಬರೆಯಿರಿ. ಗ್ಯಾಸ್ ಕಿಟ್ ಇದ್ದರೆ ಅದನ್ನೂ ಹೇಳಿ.

(ದೃಶ್ಯ: ಅದೇ ಓಣಿ, ಅದೇ ಕಾರು, ಇವತ್ತಿನ ಬೆಳಿಗ್ಗೆ. ಸೆಲ್ಫ್ ಹೊಡೆದ ಸದ್ದು.)

ಇದು ಈಗಿನದು. ಮೀಟರ್ 1 ಲಕ್ಷ 91 ಸಾವಿರ. ಕಿವಿಗೊಟ್ಟರೆ ಸಣ್ಣಗೆ ಚಿಟಿಚಿಟಿ ಕೇಳುತ್ತಿದೆಯಲ್ಲ, ಅದು ಇಂಜೆಕ್ಟರ್.

(ಎಂಜಿನ್ ಸದ್ದು ಹತ್ತು ಸೆಕೆಂಡು. ನಂತರ ಬಾನೆಟ್ ಮುಚ್ಚುವ ಸದ್ದು.)