ಅಜ್ಜನಿಗೆ ಬೇಕಾದದ್ದು ಎದುರಾಳಿ

ನಮಸ್ಕಾರ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಹಿರಿಯರಿಗೆ ಗೌರವದ ಕೊರತೆಯಿಲ್ಲ. ಚಾವಡಿಯಲ್ಲಿ ಒಳ್ಳೆಯ ಕುರ್ಚಿ, ಹೊತ್ತು ಹೊತ್ತಿಗೆ ಗಂಜಿ, ಮಾತ್ರೆ. ಕೆಲಸಕ್ಕೆಂದು ಎದ್ದರೆ ಸಾಕು, "ನೀವು ಸುಮ್ಮನೆ ಕುಳಿತುಕೊಳ್ಳಿ ಅಜ್ಜ, ನಾವಿದ್ದೇವಲ್ಲ" ಎನ್ನುತ್ತೇವೆ. ಈ ಮಾತಿನ ಮೇಲೆ ನನಗೆ ಸಿಟ್ಟಿದೆ. ಪ್ರೀತಿಯಿಂದಲೇ ಆಡುತ್ತೇವೆ, ನಿಜ. ಆದರೆ ದಿನವಿಡೀ ಯಾರೂ ಕೆಣಕದ, ಯಾರೂ ಎದುರು ಮಾತನಾಡದ ಮನಸ್ಸು ಮಂಕಾಗದೆ ಇನ್ನೇನಾದೀತು?

ಪದಬಂಧ ತುಂಬಿಸಿ, ಮೊಬೈಲಿನಲ್ಲಿ ಆಟ ಆಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೇಡವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೇಲಾದದ್ದು ನಮ್ಮಲ್ಲೇ ಇದೆ: ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಹಾಡುವ ಭಾಗವತರ ಪದ ಮುಗಿದ ಕೂಡಲೇ ಪಾತ್ರವಾಗಿ ಮಾತಾಡುವ ಅರ್ಥಧಾರಿ ಮಾತು ಹೊಸೆಯಬೇಕು. ಬಾಣ ನಾಟಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ಕೇಳುತ್ತಾನೆ. ರಾಮನ ಅರ್ಥ ಹೇಳುವವರು ಬಾಯಿಪಾಠ ಒಪ್ಪಿಸಿದರೆ ಸಾಲದು. ಈ ವಾಲಿ, ಈ ರಾತ್ರಿ, ಯಾವ ಎಳೆ ಹಿಡಿದು ಕೇಳಿದ ಎಂದು ಕಿವಿಗೊಟ್ಟು, ನೆನಪಿಟ್ಟು, ಅಲ್ಲೇ ಉತ್ತರ ಕಟ್ಟಬೇಕು. ಎದುರು ಕುಳಿತ ಹಿರಿಯರೂ ಬರೀ ಕೇಳುವುದಿಲ್ಲ. "ಇಲ್ಲಿ ರಾಮ ಹೀಗೆ ಹೇಳಬಹುದಿತ್ತು" ಎಂದು ಪಕ್ಕದವರಿಗೆ ಪಿಸುಗುಟ್ಟುತ್ತಾರೆ. ಆಗ ಅವರ ಕಣ್ಣು ನೋಡಿ!

ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ, ನೂರು ತುಂಬಿಸಿ 2015ರಲ್ಲಿ ತೀರಿಕೊಂಡರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ವಾದವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ದೀರ್ಘಾಯುಷ್ಯಕ್ಕೆ ಅದೇ ಕಾರಣವೆಂದು ನಾನು ಹೇಳುತ್ತಿಲ್ಲ. ವಾದಿಸುವುದಕ್ಕೆ ಒಂದು ವಿಷಯ ಉಳಿದಿರುವ ಮುಪ್ಪು ಚೆಂದ ಎನ್ನುತ್ತಿದ್ದೇನೆ.

ಗುಳಿಗಳಿಗೆ ಕಾಯಿ ಹಂಚುತ್ತಾ ಇಬ್ಬರು ಆಡುವ, ಅಟ್ಟದ ಮೇಲಿರುವ ಚೆನ್ನೆಮಣೆಯನ್ನೂ ಇಳಿಸಿ. 14 ಗುಳಿ, ತಲಾ 4 ಕಾಯಿ, ಒಟ್ಟು 56. ಕಾಯಿ ಎತ್ತುವ ಮೊದಲು ಅಜ್ಜಿಯ ಬೆರಳು ಗುಳಿಯ ಮೇಲೆ ತುಸು ತಡೆಯುತ್ತದೆ. ಕೊನೆಯ ಮಂಜೊಟ್ಟಿ ಕಾಯಿ ಎಲ್ಲಿ ಬೀಳುತ್ತದೆ ಎಂಬ ಲೆಕ್ಕ ಆಗ ಒಳಗೇ ನಡೆಯುತ್ತಿರುತ್ತದೆ. ಮೊಮ್ಮಕ್ಕಳಿಗೆ ನನ್ನದೊಂದು ವಿನಂತಿ: ಪಾಪ ಎಂದು ಬೇಕೆಂದೇ ಸೋಲಬೇಡಿ. ಅವರಿಗೆ ಅದು ಗೊತ್ತಾಗುತ್ತದೆ, ಆಟದ ರುಚಿಯೂ ಹೋಗುತ್ತದೆ. ಅಜ್ಜಿ ಒಂದು ಕಾಯಿ ಹೆಚ್ಚು ಎತ್ತಿಕೊಂಡರೆ ಜಗಳಕ್ಕೆ ನಿಲ್ಲಿ.

ಇನ್ನು ಕಿವಿಯ ವಿಷಯ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ತಿದ್ದಿಕೊಳ್ಳಬಹುದಾದ 14 ಸಂಗತಿಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅದರಲ್ಲಿವೆ. ಅವನ್ನು ನಾವು ಪರೀಕ್ಷಿಸುತ್ತೇವೆ. ಕಿವಿ ಮಂದವಾಗುವುದೂ, ಜನರ ಒಡನಾಟ ತಪ್ಪುವುದೂ ಅದೇ ಪಟ್ಟಿಯಲ್ಲಿವೆ. ಅವನ್ನು ಮಾತ್ರ "ವಯಸ್ಸಾಯಿತಲ್ಲ" ಎಂದು ಬಿಟ್ಟುಬಿಡುತ್ತೇವೆ. ಮಾತು ಕೇಳಿಸದವರು ಮೊದಲು ಸುಮ್ಮನೆ ನಗುತ್ತಾರೆ, ಆಮೇಲೆ ಹೊರಗೆ ಬರುವುದನ್ನೇ ನಿಲ್ಲಿಸುತ್ತಾರೆ.

ಆದ್ದರಿಂದ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಶ್ರವಣಯಂತ್ರ ಬೇಕಾದರೆ ಹಾಕಿಸಿ, ಪೆಟ್ಟಿಗೆಯಲ್ಲಿ ಇಡಲು ಬಿಡಬೇಡಿ. ಆಮೇಲೆ ಹತ್ತಿರದಲ್ಲಿ ತಾಳಮದ್ದಳೆ ಎಲ್ಲಿದೆಯೆಂದು ವಿಚಾರಿಸಿ ಕರೆದುಕೊಂಡು ಹೋಗಿ, ಮುಂದಿನ ಸಾಲಿನಲ್ಲಿ ಕೂರಿಸಿ. ವಾಪಸಾಗುವಾಗ ಯಾರ ವಾದ ಮೇಲಾಯಿತು ಎಂದು ಕೇಳಿ. ಅವರು ರಾಮ ಎಂದರೆ ನೀವು ವಾಲಿಯ ಪಕ್ಷ ಹಿಡಿಯಿರಿ.