ಕರವಸ್ತ್ರ ಎತ್ತಿದ ವೈಮಾನಿಕ

ಕೇಳುಗರಿಗೆ ನಮಸ್ಕಾರ.

ನೆಲದ ಮೇಲೊಂದು ಕರವಸ್ತ್ರ. ವಿಮಾನ ಓರೆಯಾಗಿ ಇಳಿದು, ರೆಕ್ಕೆಯ ತುದಿಯಿಂದಲೇ ಅದನ್ನು ಎತ್ತಿಕೊಂಡು ಹಾರಿಹೋಗುತ್ತದೆ. ನೆರೆದವರು ಹೋ ಎನ್ನುತ್ತಾರೆ. ಈ ಆಟ ಆಡುತ್ತಿದ್ದವನು ಜರ್ಮನಿಯ ಅರ್ನ್ಸ್ಟ್ ಊಡೆಟ್. ಮೊದಲನೇ ಮಹಾಯುದ್ಧದಲ್ಲಿ 62 ವಿಮಾನ ಉರುಳಿಸಿದ ಗಟ್ಟಿಗ. ಮಾತುಗಾರ, ವ್ಯಂಗ್ಯಚಿತ್ರ ಬಿಡಿಸುತ್ತಿದ್ದ, ಕುಡಿತವೂ ಇತ್ತು. ಕಡತ ಕಂಡರೆ ಮಾತ್ರ ಆಗುತ್ತಿರಲಿಲ್ಲ.

1936ರಲ್ಲಿ ಹಿಟ್ಲರನ ವಾಯುಪಡೆಯ ದಂಡನಾಯಕ ಹೆರ್ಮನ್ ಗೋರಿಂಗ್ ಇಂಥವನನ್ನು ತಂದು, ಹೊಸ ವಿಮಾನಗಳ ತಯಾರಿ ನೋಡಿಕೊಳ್ಳುವ ತಾಂತ್ರಿಕ ಕಚೇರಿಯ ಮುಖ್ಯಸ್ಥನ ಕುರ್ಚಿಯಲ್ಲಿ ಕೂರಿಸಿದ. ಮೊದಲನೇ ಯುದ್ಧದಲ್ಲಿ ಒಂದೇ ದಳದಲ್ಲಿದ್ದ ಗೆಳೆತನ ಒಂದು ಕಾರಣ. ಇನ್ನೊಂದು ಕಾರಣ ಎರ್ಹಾರ್ಡ್ ಮಿಲ್ಖ್. ಲುಫ್ಟ್‌ಹನ್ಸಾ ವಿಮಾನ ಸಂಸ್ಥೆ ನಡೆಸಿ ಬಂದು ಗೋರಿಂಗನ ಕೈಕೆಳಗಿದ್ದ ಈ ಲೆಕ್ಕಾಚಾರದ ಮನುಷ್ಯ ತನ್ನನ್ನೇ ಮೀರಿಸಿಯಾನೆಂಬ ಅಂಜಿಕೆ ಗೋರಿಂಗನಿಗೆ. ಮಿಲ್ಖ್‌ನ ಕೈ ಕಟ್ಟಲು ಊಡೆಟ್ ಒದಗಿಬಂದ. ಪಾಪ, ನನಗೆ ಊಡೆಟ್ ಮೇಲೆ ಸಿಟ್ಟಿಗಿಂತ ಕನಿಕರವೇ ಹೆಚ್ಚು.

ಅಮೆರಿಕದಲ್ಲಿ ಕರ್ಟಿಸ್ ವಿಮಾನಗಳು ನೆಟ್ಟಗೆ ನೆಲದತ್ತ ಧುಮುಕುವುದನ್ನು ಕಂಡು ಅವನು ಮರುಳಾಗಿದ್ದ. ಹಾಗೆ ಧುಮುಕಿ ಬಿಟ್ಟ ಬಾಂಬು ಗುರಿ ತಪ್ಪುವುದು ಕಡಿಮೆ. ಪುಟ್ಟ ಸ್ಟುಕಾ ಬಾಂಬರ್‌ಗೆ ಆ ವಿದ್ಯೆ ಒಪ್ಪಿತು. ಅಲ್ಲಿಗೆ ನಿಲ್ಲಲಿಲ್ಲ. ವೇಗವೇ ಬಲವಾಗಬೇಕಿದ್ದ ಯೂಂಕರ್ಸ್ 88 ಬಾಂಬರ್ ಕೂಡ ಧುಮುಕಬೇಕೆಂದಾಯಿತು. ಚೌಕಟ್ಟು ಗಟ್ಟಿಮಾಡುತ್ತ ತೂಕ ಏರಿತು, ವೇಗ ಇಳಿಯಿತು.

ಇನ್ನು ಹೈಂಕೆಲ್ 177. ದೂರ ಹಾರಬೇಕಾದ ಭಾರೀ ಬಾಂಬರ್. ಅದೂ ಧುಮುಕಬೇಕಂತೆ! ಗಾಳಿಯ ತಡೆ ತಗ್ಗಿಸಲು ನಾಲ್ಕು ಎಂಜಿನ್‌ಗಳನ್ನು ಎರಡೆರಡಾಗಿ ಜೋಡಿಸಿ, ಒಂದೊಂದು ಜೋಡಿಗೆ ಒಂದೇ ಪ್ರೊಪೆಲ್ಲರ್ ಇಟ್ಟರು. ಒಂದೇ ನೊಗಕ್ಕೆ ಎರಡು ಎತ್ತು ಹೂಡುವುದು ನಮಗೆ ಗೊತ್ತು, ಆದರೆ ಆ ಎತ್ತುಗಳಿಗೆ ಉಸಿರಾಡಲು ಜಾಗ ಬೇಕಲ್ಲ? ಇಲ್ಲಿ ಎರಡು ಎಂಜಿನ್‌ಗಳ ಸಂದಿಯಲ್ಲೇ ಹೊಗೆಕೊಳವೆ ಕೆಂಪಗೆ ಕಾಯುತ್ತಿತ್ತು. ಸೋರಿದ ಎಣ್ಣೆ ಕವಚದ ತಳದಲ್ಲಿ ನಿಲ್ಲುತ್ತಿತ್ತು. ಮಿಕ್ಕದ್ದನ್ನು ಹೇಳಬೇಕಿಲ್ಲ. ವೈಮಾನಿಕರು ಅದಕ್ಕೆ ಇಟ್ಟ ಅಡ್ಡಹೆಸರು ‘ಸಿಗರೇಟ್ ಲೈಟರ್’.

ಮೆಸ್ಸರ್‌ಸ್ಮಿಟ್ 210 ಎಂಬ ಯುದ್ಧವಿಮಾನದ ಕಥೆಯೂ ಹೀಗೆಯೇ. ಮೊದಲ ಹಾರಾಟಕ್ಕೂ ಮುನ್ನ ಸಾವಿರ ವಿಮಾನಕ್ಕೆ ಆರ್ಡರ್. ಹಾರಿಸಿ ನೋಡಿದರೆ ಅಂಕೆಗೆ ಸಿಗದು. 1942ರಲ್ಲಿ ತಯಾರಿಕೆ ನಿಂತಿತು.

1940ರಲ್ಲಿ ಬ್ರಿಟನ್ ಸುಮಾರು 15,000 ವಿಮಾನ ಕಟ್ಟಿತು. ಯುರೋಪಿನ ಅರ್ಧವನ್ನು ನುಂಗಿದ್ದ ಜರ್ಮನಿ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಯುದ್ಧ ಬೇಗ ಮುಗಿಯುತ್ತದೆಂಬ ನಂಬಿಕೆಯಲ್ಲಿ, ಕೂಡಲೇ ಫಲ ಕೊಡದ ಹೊಸ ಯೋಜನೆಗಳನ್ನೂ ಅದೇ ವರ್ಷ ತಡೆಹಿಡಿದಿದ್ದರು. ಊಡೆಟ್‌ನ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ವಿಭಾಗಗಳು ನೇರವಾಗಿ ವರದಿ ಒಪ್ಪಿಸುತ್ತಿದ್ದವು. ಅವನ್ನೆಲ್ಲ ಓದುವ ತಾಳ್ಮೆ ಅವನಿಗೆಲ್ಲಿ? ತಪ್ಪು ಬಯಲಾದಾಗ ಗೋರಿಂಗ್ ಎಲ್ಲವನ್ನೂ ಅವನ ತಲೆಗೆ ಕಟ್ಟಿದ.

1941ರ ನವೆಂಬರ್ 17ರಂದು ಊಡೆಟ್ ಗುಂಡು ಹಾರಿಸಿಕೊಂಡ. ಹೊಸ ಅಸ್ತ್ರವೊಂದರ ಪರೀಕ್ಷೆಯಲ್ಲಿ ಮಡಿದನೆಂದು ಸರ್ಕಾರ ಸಾರಿತು. ರಾಜ್ಯಗೌರವದ ಅಂತ್ಯಕ್ರಿಯೆಯೂ ನಡೆಯಿತು. ಅದಕ್ಕೆಂದು ಹೊರಟ ಹೆಸರಾಂತ ವೈಮಾನಿಕ ವೆರ್ನರ್ ಮ್ಯೋಲ್ಡರ್ಸ್ ದಾರಿಯಲ್ಲೇ ವಿಮಾನಾಪಘಾತದಲ್ಲಿ ಸತ್ತ.

ಖಾಲಿಯಾದ ಕುರ್ಚಿಗೆ ಬಂದವನು ಅದೇ ಮಿಲ್ಖ್. ಮರುವರ್ಷದ ಸೆಪ್ಟೆಂಬರಿನಲ್ಲಿ, ನಾಲ್ಕು ಎಂಜಿನ್ನಿನ ಬಾಂಬರ್ ಧುಮುಕಬೇಕೆನ್ನುವುದೇ ಮೂರ್ಖತನವೆಂದು ರೇಗಾಡಿ ಆ ಷರತ್ತನ್ನು ತೆಗೆಸಿದವನು ಗೋರಿಂಗ್.